ಬಾಗಿಲಲ್ಲಿ ನಿಂತ ಮೀನು

...ನಗಬೇಡ ಅಂದ್ನಲ್ಲ! ನಾನಿಲ್ಲಿ ಗಂಟಲು ಹರ್ಕೊಂಡು ಅಭ್ಯಾಸ ಮಾಡ್ತಿದ್ದೀನಿ, ನೀನು ಕಿಸಕ್ ಕಿಸಕ್ ಅಂತೀಯ. ಏನಂದೆ? "ಮಾನ್ಯ ವಿದ್ಯಾರ್ಥಿಗಳೇ" ಅನ್ನೋದು ಜಾಸ್ತಿ ಆಯ್ತಾ? ಸರಿ ಬಿಡು, ಬರೀ "ಮಕ್ಕಳೇ" ಅಂತೀನಿ. ಕಟ್ಕೊಂಡ ಹೆಂಡತಿ ಎದುರಿಗೇ ನಾಲಿಗೆ ತಡವರಿಸಿದ್ರೆ ನಾಳೆ ಆ ಹೊಸ ಸೂಪರ್‌ವೈಸರಮ್ಮನ ಎದುರಿಗೆ ನನ್ನ ಗತಿ ಏನೇ?

ಸ್ಟೂಲ್ ಎಳ್ಕೊಂಡು ಕೂತ್ಕೋ. ಊಟದ ಡಬ್ಬಿ ಅಲ್ಲೇ ಇರ್ಲಿ. ಇವತ್ತು ಅಕ್ವೇರಿಯಂಗೆ ರಜ, ಯಾರೂ ಬರಲ್ಲ. ಪಂಪ್ ರಿಪೇರಿಯವನು ಒಬ್ಬ ಎಲ್ಲೋ ಹಿಂದುಗಡೆ ಕುಟ್ತಾ ಇದ್ದಾನೆ, ಅಷ್ಟೆ.

ನಿಂಗೆ ತಮಾಷೆ. ನಂಗೆ ನಾಳೆ ಬದುಕಿನ ಪ್ರಶ್ನೆ ಕಣೇ. ಶಾಲೆ ಮಕ್ಕಳು ಬರ್ತಾರೆ, ಅವರನ್ನ ಟ್ಯಾಂಕಿಂದ ಟ್ಯಾಂಕಿಗೆ ಕರ್ಕೊಂಡು ಹೋಗಿ ಎಲ್ಲಾ ತೋರಿಸಿ ನಾನೇ ಹೇಳ್ಬೇಕು. ಆಯಮ್ಮ ಹಿಂದೆ ನಿಂತು ನೋಡ್ತಾಳಂತೆ. ಸರಿಹೋದ್ರೆ ನಾನು ಮೀನುಗಳ ಹತ್ರಾನೇ ಇರ್ತೀನಿ. ಸರಿಹೋಗ್ಲಿಲ್ಲ ಅಂದ್ರೆ... ಮುಂಬಾಗಿಲಲ್ಲಿ ಕೂತು ಬಂದವರ ಚೀಲ ಇಸ್ಕೊಂಡು ಟೋಕನ್ ಕೊಡೋ ಕೆಲಸ! ಈ ಟ್ಯಾಂಕುಗಳಿಗೆಲ್ಲ ಮೊದಲ ಸಲ ನೀರು ಬಿಟ್ಟಿದ್ದು ಈ ಕೈ. ಈ ಕೈ ಚೀಲ ಎತ್ತಿಡ್ಬೇಕಾ?

ಯಾಕೆ ಅಂದ್ರೆ... ಏನಿಲ್ಲ. ಒಂದ್ ಸಲ, ಒಂದೇ ಒಂದ್ ಸಲ, ಏಡಿಗಳಿಗೆ ಹಾಕೋದನ್ನ ಕಡಲಕುದುರೆ ಟ್ಯಾಂಕಿಗೆ ಹಾಕ್ಬಿಟ್ಟೆ. ಹಾಂ?... ಸರಿ, ಎರಡು ಸಲ. ಯಾರು ಹೇಳಿದ್ದು? ಆ ಪಂಪಿನವನಾ? ಅವನ ಪಂಪು ಸೋರುತ್ತೋ ಇಲ್ವೋ, ಬಾಯಂತೂ ಸೋರುತ್ತೆ!

ಏಳು, ದೊಡ್ಡ ಟ್ಯಾಂಕಿಂದ ಶುರು ಮಾಡೋಣ. ಬಾ, ಈ ಕಡೆ... ಶುರುವಾಯ್ತು ನೋಡು ನಿನ್ನ ಕೆಮ್ಮು! ಎಷ್ಟು ಸಲ ಹೇಳ್ಲಿ ಡಾಕ್ಟರಿಗೆ ತೋರಿಸ್ಕೋ ಅಂತ? ಮನೇಲಿ ಹೊಸಿಲ ಹತ್ರ ಬಂದ್ರೆ ಕೆಮ್ಮು, ಬೀದೀಲಿ ಚರಂಡಿ ಹತ್ರ ಬಂದ್ರೆ ಕೆಮ್ಮು, ಮೆಟ್ಟಿಲು ಹತ್ತೋ ಹೊತ್ತಿಗಂತೂ... ಅಯ್ಯಯ್ಯಪ್ಪಾ! ಮೊಣಕಾಲು ಹೋಯ್ತು! ಯಾವ ಪುಣ್ಯಾತ್ಮ ಇಲ್ಲಿ ಬಕೆಟ್ ಇಟ್ಟಿದ್ದು? ಇಲ್ಲ ಇಲ್ಲ, ಏನಾಗಿಲ್ಲ. ಕತ್ತಲೆ ಅಲ್ವಾ ಇಲ್ಲಿ. ಲೈಟ್ ಉರೀತಿದ್ಯಾ?... ಉರೀತಿರ್ಲಿ. ನಿನ್ನ ಕೆಮ್ಮಿನ ಗಲಾಟೇಲಿ ನೋಡ್ಲಿಲ್ಲ.

ಕೇಳು ಈಗ. "ಮಕ್ಕಳೇ, ಇಲ್ಲಿ ನೂರಾರು ಬೆಳ್ಳಿ ಮೀನುಗಳು ಒಟ್ಟಿಗೆ ಸುತ್ತುತ್ತಿವೆ. ಇವರ ನಾಯಕ ಯಾರು? ಯಾರೂ ಇಲ್ಲ!" ಪಕ್ಕದವನು ತಿರುಗಿದ, ನಾನೂ ತಿರುಗಿದೆ, ಇಷ್ಟೇ ಅವುಗಳ ಕಾನೂನು. ದೊಡ್ಡ ಮೀನಿನ ನೆರಳು ಬೀಳ್ಲಿ, ಎಲ್ಲಾ ಒತ್ತೊತ್ತಾಗಿ ಒಂದು ಉಂಡೆ! ಯಾರಿಗೆ ಬಾಯಿ ಹಾಕ್ಬೇಕು ಅಂತ ತಿಳೀದೆ ದೊಡ್ಡ ಮೀನಿಗೇ ತಲೆ ತಿರುಗುತ್ತೆ. ಥೇಟ್ ನಿನ್ನ ತವರಿನವರು. ಒಬ್ಬರಿಗೆ ಒಂದು ಮಾತು ಅಂದ್ರೆ ಇಡೀ ಮನೆ ಬಂದು ಸುತ್ಕೊಳ್ಳುತ್ತೆ, ಯಾರಿಗೆ ಅಂತ ಉತ್ತರ ಕೊಡ್ಲಿ... ಆಯ್ತು, ಆಯ್ತು ತಾಯಿ! ತವರಿನ ಸುದ್ದಿ ತೆಗೆಯಲ್ಲ. ಮಕ್ಕಳ ಹತ್ರಾನೂ ಹೇಳಲ್ಲ.

ಇದು ಲಾಬ್‌ಸ್ಟರ್ ಟ್ಯಾಂಕು, ಉದ್ದ ಮೀಸೆಯ ದೊಡ್ಡ ಸಿಗಡಿ ಥರದವು. ಸಮುದ್ರದಲ್ಲಿ ಬಿರುಗಾಳಿ ಕಾಲ ಬಂತು ಅಂದ್ರೆ ಇವು ಮನೆಮಠ ಬಿಟ್ಟು ಆಳದ ನೀರಿಗೆ ಹೊರಡ್ತವೆ. ಹೇಗೆ? ಸಾಲಾಗಿ. ಮುಂದಿನವನ ಬೆನ್ನಿಗೆ ಹಿಂದಿನವನ ಮೀಸೆ, ಅವನ ಬೆನ್ನಿಗೆ ಇನ್ನೊಬ್ಬನ ಮೀಸೆ. ದಾರಿ ನೋಡೋದು ಮೊದಲನೆಯವನ ಪಾಡು. ಉಳಿದವರಿಗೆ ಮೀಸೆಗೆ ಒಂದು ಬೆನ್ನು ತಗುಲ್ತಾ ಇದ್ರೆ ಸಾಕು, ನಡೀತಾನೇ ಇರ್ತಾರೆ. ಹಾಂ? ಏನು ನಂದು?... ನಾನೂ ಈಚೆಗೆ ನಿನ್ನ ಹಿಂದೇನೇ ನಡೀತೀನಾ? ಅದು... ಅದು ಗೌರವ ಕಣೇ! ಮದುವೆಯಾದಾಗಿಂದ ನಾನು ಮುಂದೆ ದಾಪುಗಾಲು, ನೀನು ಹಿಂದೆ ಓಟ. ಕಾಲ ಬದಲಾಗಿದೆ, ಹೆಂಗಸರು ಮುಂದೆ ಬರ್ಬೇಕು ಅಂತ ನಾನೇ ಹಿಂದೆ ಸರಿದೆ. ಒಳ್ಳೇದು ಮಾಡಿದ್ರೂ ಅನುಮಾನ ನಿಂಗೆ.

ಈಗ ಬಾ, ಇಲ್ಲಿ. ಇದು ನನ್ನ ಮುದ್ದಿನ ಟ್ಯಾಂಕು. ನಾಳೆ ಆ ಸೂಪರ್‌ವೈಸರಮ್ಮ ಬಾಯಿ ಮುಚ್ಕೊಳ್ಳೋದು ಇಲ್ಲೇ. ಗಾಜಿಗೆ ಮುಖ ಹಚ್ಚಿ ನೋಡು. ಮರಳಲ್ಲಿ ಒಂದು ಬಿಲ ಇದ್ಯಲ್ಲ, ಅದರ ಬಾಗಿಲಲ್ಲಿ ಒಂದು ಸಣ್ಣ ಮೀನು. ನೋಡಿದ್ಯಾ? ಒಳಗೆ ಒಂದು ಸಿಗಡಿ ಇದೆ. ಸಂಸಾರ ಅಂದ್ರೆ ಇವರದ್ದು! ಸಿಗಡಿಗೆ ಕಣ್ಣು ಮಂಜು, ಏನೂ ಸರಿಯಾಗಿ ಕಾಣಲ್ಲ. ಆದ್ರೆ ದುಡಿತ ನೋಡ್ಬೇಕು! ಬೆಳಗಿಂದ ಸಂಜೆವರೆಗೂ ಮರಳು ತೋಡಿ ತೋಡಿ ಹೊರಗೆ ನೂಕ್ತಾನೇ ಇರುತ್ತೆ. ಮೀನಿಗೆ ತೋಡೋಕೆ ಕೈಯಿಲ್ಲ, ಕಣ್ಣು ಮಾತ್ರ ಚುರುಕು. ಅದಕ್ಕೇ ಒಪ್ಪಂದ. ಮನೆ ನಿಂದು, ಕಾವಲು ನಂದು. ಸಿಗಡಿ ಹೊರಗೆ ಬಂದಾಗೆಲ್ಲ ತನ್ನ ಒಂದು ಮೀಸೆ ಮೀನಿನ ಮೈಮೇಲೆ ಇಟ್ಟೇ ಇರುತ್ತೆ. ಏನಾದ್ರೂ ಅಪಾಯ ಬಂತು ಅನ್ಕೋ, ಮೀನು ಬಾಲ ಒಂಚೂರು ಅಲ್ಲಾಡಿಸುತ್ತೆ. ಅಷ್ಟೆ! ಸಿಗಡಿ ಸರ್ರಂತ ಒಳಗೆ. ಕೂಗಾಟ ಇಲ್ಲ, "ರೀ, ಎಷ್ಟು ಸಲ ಹೇಳೋದು" ಅಂತ ರಾಗ ಇಲ್ಲ. ನೀನೂ ಸ್ವಲ್ಪ ಕಲ್ತ್ಕೋ ಮೀನನ್ನ ನೋಡಿ.

ಕೇಳಿಸ್ತಾ? ಟಕ್! ಅದೇ ಸಿಗಡಿ, ಇಕ್ಕಳದಂಥ ಕೈ ಬಡಿದಿದ್ದು. ಎಂಥ ಶಬ್ದ ಅಲ್ವಾ? ನೋಡು ನೋಡು, ಈಗ ಹೊರಗೆ ಬಂತು! ಮೀನು ಬಾಲ ಅಲ್ಲಾಡಿಸ್ತಿದೆ, ನಿನ್ನ ಹೊಸ ಮುಖ ಕಂಡು ಹೆದರಿದೆ ಪಾಪ. ಹಳದಿ ಪಟ್ಟೆ ಎಷ್ಟು ಚೆನ್ನಾಗಿ ಹೊಳೀತಿದೆ...

ಕಾಣ್ತಾ?

ಬೆರಗಾಗಿ ಹೋದ್ಯಾ! ನಂಗೊತ್ತಿತ್ತು. ಎಲ್ರೂ ಹೀಗೇ, ಇಲ್ಲಿಗೆ ಬಂದ್ರೆ ಮಾತೇ ಹೊರಡಲ್ಲ. ನಾಳೆ ಆಯಮ್ಮನೂ ಹೀಗೇ ನಿಲ್ಲಬೇಕು. ತಲೆ ಆಡಿಸ್ತಿದ್ದೀಯ ತಾನೆ? ಹಾಂ, ನೋಡ್ದೆ ನೋಡ್ದೆ.

...ಏನಾದ್ರೂ ಅನ್ನೇ. ಚೆನ್ನಾಗಿದೆ ಅನ್ನು, ಕೆಟ್ಟದಾಗಿದೆ ಅನ್ನು. ಆಗ ಕಿಸಕ್ ಅಂತಿದ್ದೆ, ನಾನು ಬೈದೆ ಅಂತ ಕೋಪಾನಾ? ತವರಿನ ಮಾತಿಗಾ? ಎಲ್ಲಿದ್ದೀಯ... ಇಲ್ಲೇ ಇದ್ದೀಯ ತಾನೆ? ಲೇ... ನಗ್ತಿದ್ದೀಯೋ, ಮುಖ ಊದಿಸ್ಕೊಂಡಿದ್ದೀಯೋ? ಬಾಯಿಬಿಟ್ಟು ಹೇಳೇ ಮಾರಾಯ್ತಿ, ಸುಮ್ನಿದ್ರೆ ನಂಗೆ ಹೇಗೆ ಗೊತ್ತಾ... ಅಲ್ಲ, ಮುಖ ನೋಡಿದ್ರೆ ಗೊತ್ತಾಗುತ್ತೆ, ಆದ್ರೂ...

ಕೈ ಯಾಕೆ ಹಿಡಿದೆ? ಎಲ್ಲಿಗೆ ಎಳೀತೀಯ? ಇದು ಪಕ್ಕದ ಟ್ಯಾಂಕು, ಇದು ಖಾಲಿ ಟ್ಯಾಂಕು ಕಣೇ, ಇದರಲ್ಲೇನೂ ಇಲ್ಲ... ಬೆರಳು ಯಾಕೆ ಗಾಜಿಗೆ ಒತ್ತುತ್ತೀಯ?

ಟಕ್.

...ಇಲ್ಲಿಂದ ಬಂತಾ ಅದು?

ಇಲ್ಲಿದ್ಯಾ ಮೀನು? ಸಿಗಡಿನೂ? ಪಂಪ್ ರಿಪೇರಿಗೆ ಅಂತ ಅವನೇ ಎತ್ತಿ ಈಚೆಗೆ ಹಾಕಿರ್ಬೇಕು, ಬಾಯಿ ಸೋರೋನು ಇದೊಂದು ಹೇಳೋಕೆ ಬಾಯಿ ಇರ್ಲಿಲ್ವಾ ಅವನಿಗೆ! ಹಾಗಾದ್ರೆ ಆ ಟ್ಯಾಂಕಲ್ಲಿ? ನಾನು ಇಷ್ಟು ಹೊತ್ತು ತೋರಿಸಿದ್ದು?... ಬರೀ ಮರಳಾ. ಒಂದು ರಬ್ಬರ್ ಪೈಪ್ ತುಂಡು. ರಬ್ಬರ್ ಪೈಪಿಗೆ ನಾನು ಹಳದಿ ಪಟ್ಟೆ ಬಳಿದು, ಬಾಲ ಹಚ್ಚಿ ಅಲ್ಲಾಡಿಸ್ಬಿಟ್ನಲ್ಲೇ!

ನಗು. ಈಗ ನಗು, ಪರವಾಗಿಲ್ಲ. ...ನಗ್ತಿಲ್ವಾ?

ಅಳ್ತಿದ್ದೀಯಾ?

ಕಾಣಲ್ಲ ಕಣೇ. ನಡುವೆ ಎಲ್ಲಾ ಮಂಜು, ಅಂಚಲ್ಲಿ ಸ್ವಲ್ಪ ಬೆಳಕು. ಮೀನುಗಳು ಬುದ್ಧಿವಂತ ಪ್ರಾಣಿಗಳು, ತಮ್ಮ ತಮ್ಮ ಜಾಗ ಬಿಟ್ಟು ಕದಲಲ್ಲ, ಅದಕ್ಕೇ ಸುಧಾರಿಸ್ಕೊಂಡು ಬಂದೆ. ಯಾರು ಎಲ್ಲಿ, ಯಾವಾಗ ಮೇಲೆ ಬರ್ತಾರೆ, ಯಾರು ಕೈ ಮುಟ್ಟಿ ನೋಡ್ತಾರೆ, ಎಲ್ಲಾ ಬಾಯಿಪಾಠ. ಡಾಕ್ಟರ ಹತ್ರ ಹೋಗೋಣ ಅಂದ್ರೆ ಭಯ. ಕಣ್ಣಿಗೆ ಚಾಕು ಹಾಕ್ತೀನಿ ಅಂದ್ರೆ ಒಂದು ಭಯ, ಹಾಕಿದ್ರೂ ದೃಷ್ಟಿ ಬರಲ್ಲ ಅಂದ್ರೆ ಇನ್ನೊಂದು. ಕೆಲಸ ಹೋದ್ರೆ ಮನೇಲಿ ಕೂತು ಏನ್ ಮಾಡ್ಲಿ, ಗೋಡೆಗೆ ಮೀನಿನ ಕಥೆ ಹೇಳ್ಲಾ? ನಿಂಗೆ ಗೊತ್ತಾಗಬಾರದು ಅಂತಾನೇ ಇಷ್ಟು ಒದ್ದಾಡಿದ್ದು. ಗೊತ್ತಾದ್ರೆ ನೀನು ನನ್ನ ಆವತ್ತೇ...

ಏನಂದೆ? ಮೊದ್ಲೇ ಗೊತ್ತಾ?

ಯಾವತ್ತಿಂದ? ಕಾಫಿಗೆ ಉಪ್ಪು ಹಾಕ್ಕೊಂಡು "ಆಹಾ" ಅಂತ ಕುಡಿದೆನಲ್ಲ, ಆವತ್ತಿಂದ! ತಡಿ ತಡಿ. ಅದಕ್ಕೇನಾ ಸಕ್ಕರೆ ಡಬ್ಬಿಗೆ ರಬ್ಬರ್ ಬ್ಯಾಂಡ್ ಸುತ್ತಿದ್ದು? ಇವಳಿಗೆಲ್ಲೋ ತಲೆ ಕೆಟ್ಟಿದೆ ಅಂತ ನಾನು ದಿನಾ ಅದನ್ನ ಬಿಚ್ಚಿ ಬಿಸಾಕ್ತಿದ್ದೆ, ಮಾರನೇ ದಿನ ಮತ್ತೆ ಹೊಸ ಬ್ಯಾಂಡು! ಚಪ್ಪಲಿ ದಿನಾ ಅದೇ ಮೂಲೇಲಿ ಬಾಗಿಲ ಕಡೆ ಮುಖ ಮಾಡಿ ಕಾಯ್ತಾ ಇರ್ತಿತ್ತು. ನಾನೇ ಶಿಸ್ತಾಗಿ ಇಟ್ಟಿದ್ದೀನಿ ಅಂತ ಮೀಸೆ ತಿರುವ್ಕೊಳ್ತಿದ್ದೆ. ಬೆಕ್ಕು ಕಣ್ಣು ಮುಚ್ಕೊಂಡು ಹಾಲು ಕುಡಿದ ಹಾಗಾಯ್ತಲ್ಲೇ ನನ್ನ ಬಾಳು.

ಅಯ್ಯೋ. ನಿಲ್ಲು. ಆ ಕೆಮ್ಮು?

ಹೊಸಿಲ ಹತ್ರ. ಚರಂಡಿ ಹತ್ರ. ಈಗ ಬಕೆಟ್ ಹತ್ರ.

ನಿಂಗೆ ಕೆಮ್ಮೇ ಇಲ್ವಾ! ನಾನು ಔಷಧಿ ಬಾಟ್ಲಿ ತಂದ್ಕೊಟ್ಟೆನಲ್ಲೇ, ಅದನ್ನೂ ಕುಡಿದ್ಯಾ? ಪೂರ್ತಿ? ಯಾಕೇ?... ನಂಗೆ ಅನುಮಾನ ಬರ್ಬಾರ್ದು ಅಂತ. ನನ್ನ ಮಾನ ಉಳಿಸೋಕೆ ಆ ಕಹಿ ಕುಡಿದ್ಯಾ? ಛೆ, ಛೆ. ಇಲ್ಲ, ಏನೂ ಆಗಿಲ್ಲ, ಸ್ವಲ್ಪ ಇರು. ಉಪ್ಪು ನೀರು ಸಿಡಿದಿದೆ ಕಣ್ಣಿಗೆ.

ಡಬ್ಬಿ ತಗೋ. ಮನೇಲಿ ತಿಂತೀನಿ. ನೀನು ಮುಂದೆ ನಡಿ, ನಾನು ಭುಜದ ಮೇಲೆ ಕೈ ಇಟ್ಕೊಳ್ತೀನಿ. ಪಂಪಿನವನು ನೋಡಿದ್ರೆ ನೋಡ್ಲಿ, ಹೆಂಡತಿ ಭುಜ ತಾನೆ. ಹಾಂ, ನೀನು ಕೆಮ್ಮಿದೆ. ಹತ್ತೋದಾ, ಇಳಿಯೋದಾ? ಒಂದು ಕೆಮ್ಮಿದ್ರೆ ಇಳಿಯೋದು, ಎರಡಾದ್ರೆ ಹತ್ತೋದಾ! ಅದನ್ನ ಹೇಳ್ದೇ ಇದ್ರೆ ನಂಗೆ ಹೇಗೆ ಗೊತ್ತಾಗ್ಬೇಕು? ಆವತ್ತು ನೆಂಟರ ಮುಂದೆ ನೀನು ಕೆಮ್ಮಿದ ಕೂಡ್ಲೇ, ಯಾಕೋ ನಂಗೇ ತಿಳೀದೆ, ಇಲ್ಲದ ಮೆಟ್ಟಿಲಿಗೆ ಕಾಲೆತ್ತಿದ್ನಲ್ಲ... ಓ, ಆವತ್ತು ನಿಂಗೆ ನಿಜವಾಗ್ಲೂ ನೆಗಡಿಯಾಗಿತ್ತಾ!

ನಗು, ನಗು. ಈಗ ಕೇಳಿಸ್ತು.

ನಾಳೆ ನೀನೂ ಬಾ ನನ್ನ ಜೊತೆ. ಆ ಸೂಪರ್‌ವೈಸರಮ್ಮನಿಗೆ ನಾನೇ ಹೇಳ್ತೀನಿ, ಕಣ್ಣಿನ ವಿಷಯ, ಮಕ್ಕಳು ಬರೋದಕ್ಕೂ ಮೊದಲೇ. ಆಮೇಲೆ ಚೀಲಾನೋ ಮೀನೋ, ಅವಳು ಹೇಳಿದ್ದು. ಡಾಕ್ಟರ ಹತ್ರಾನೂ ಹೋಗೋಣ, ಆದ್ರೆ ನೀನು ಒಳಗೂ ಬರ್ಬೇಕು. ನಾಳೆ ಆ ಸೂಪರ್‌ವೈಸರಮ್ಮನ ಎದುರಿಗೆ ನಿಂತಾಗ ನೀನು ನನ್ನ ಪಕ್ಕದಲ್ಲೇ ಇರು, ಕೈಗೆ ಸಿಗೋ ಹಾಗೆ. ನಾನು ಮತ್ತೆ ಹೆದರ್ಕೊಂಡು "ಕಣ್ಣಾ? ಕಣ್ಣಿಗೇನಾಗಿದೆ, ಹದ್ದಿನ ಕಣ್ಣು ನಂದು" ಅಂತ ಶುರು ಮಾಡಿದ್ರೆ... ಒಂದ್ ಸಲ ಕೆಮ್ಮು, ಸಾಕು.