ಸದರಿ ನಾಯಕಿಯ ಸಾವಿಗೆ ಮೊದಲ ಬಹುಮಾನ

ಮಾನ್ಯ ಅಧ್ಯಕ್ಷರೇ, ನನ್ನ ಕಥೆಯನ್ನು ಓದಿದ ತಪ್ಪಿಗೆ ಇಲ್ಲಿ ಬಂದು ಕೂರಬೇಕಾಗಿರುವ ಮೂವರು ತೀರ್ಪುಗಾರರೇ, ವೇದಿಕೆಯ ಮೇಲಿರುವ ಗಣ್ಯರೇ, ವೇದಿಕೆಯಲ್ಲಿ ಕುರ್ಚಿ ಸಾಲದ್ದರಿಂದ ಕೆಳಗೆ ಕುಳಿತಿರುವ ಅಷ್ಟೇ ಗಣ್ಯರಾದ ಸಭಿಕರೇ, ಮತ್ತು ಮೂರನೆಯ ಸಾಲಿನಲ್ಲಿ ಕಂಬದ ಪಕ್ಕ ಕುಳಿತು ಈಗಾಗಲೇ ಕರವಸ್ತ್ರ ಹೊರತೆಗೆದಿರುವ ನನ್ನ ಶ್ರೀಮತಿಯವರೇ,

ಪದ್ಧತಿಯಂತೆ ನಾನು ಮೊದಲು ಸಂತೋಷ ವ್ಯಕ್ತಪಡಿಸಬೇಕು. ಅದು ಸ್ವಲ್ಪ ತಡವಾಗುತ್ತದೆ, ಕ್ಷಮಿಸಿ. ಏಕೆಂದರೆ ಮನೆಯಿಂದ ಹೊರಟಾಗ ಈ ಬಹುಮಾನವನ್ನು ತಿರಸ್ಕರಿಸುವುದೆಂದೇ ಹೊರಟಿದ್ದೆ. ತಿರಸ್ಕಾರದ ಭಾಷಣ ಎಡಗಡೆ ಜೇಬಿನಲ್ಲಿದೆ. ಬಲಗಡೆ ಜೇಬಿನಲ್ಲಿ ಏನೂ ಇಲ್ಲ. ಸದ್ಯಕ್ಕೆ ನಾನು ಆಡುತ್ತಿರುವುದು ಬಲಗಡೆ ಜೇಬಿನ ಭಾಷಣ. ಕೊನೆಗೆ ಯಾವ ಜೇಬು ಗೆಲ್ಲುತ್ತದೋ ನನಗೂ ತಿಳಿಯದು.

ನಗಬೇಡಿ. ದಯವಿಟ್ಟು. ನಿರೂಪಕರು ಈಗಷ್ಟೇ ನನ್ನನ್ನು ಹಾಸ್ಯಸಾಹಿತಿ ಎಂದು ಪರಿಚಯಿಸಿದರು. ಸಭಿಕರೇ, ನಾನು ದುರಂತಸಾಹಿತಿ. ನನ್ನ ಕಥೆಗಳಲ್ಲಿ ಕೊನೆಯ ಪುಟ ದಾಟಿ ಬದುಕಿದವರಿಲ್ಲ. ಒಮ್ಮೆ ಒಬ್ಬ ಅಂಚೆಯವ ಬದುಕುಳಿದುಬಿಟ್ಟಿದ್ದ. ಗಮನಕ್ಕೆ ಬಂದ ಕೂಡಲೇ ಸರಿಪಡಿಸಿದೆ. ಇಂಥವನಿಗೆ ನೀವು ಹಾಸ್ಯ ಕಥಾ ಸ್ಪರ್ಧೆಯ ಮೊದಲ ಬಹುಮಾನ ಕೊಟ್ಟಿದ್ದೀರಿ. ಇದು ಹೇಗಾಯಿತು? ಯಾರಿಂದಾಯಿತು? ಅದನ್ನು ವಿವರಿಸುವುದು ನನ್ನ ಕರ್ತವ್ಯ, ಏಕೆಂದರೆ ವಿವರಣೆ ಕೊಡುವುದೇ ನನ್ನ ಉದ್ಯೋಗ.

ನಾನು ನೀರು ಸರಬರಾಜು ಕಚೇರಿಯ ದೂರು ವಿಭಾಗದ ಗುಮಾಸ್ತ. ನಲ್ಲಿಯಲ್ಲಿ ನೀರು ಬರುತ್ತಿಲ್ಲ ಎಂದು ಜನ ಬರೆಯುತ್ತಾರೆ. ಸದರಿ ನಲ್ಲಿಯಲ್ಲಿ ಸದರಿ ನೀರು ಬಾರದಿರುವುದನ್ನು ಗಮನಿಸಲಾಗಿದೆ ಎಂದು ನಾನು ಉತ್ತರಿಸುತ್ತೇನೆ. ನೀರು ಬರುವುದು ಬೇರೆ ವಿಭಾಗ. 'ಸದರಿ' ಎಂದರೆ ಮೇಲೆ ಹೇಳಿದ, ಈಗಾಗಲೇ ಪ್ರಸ್ತಾಪವಾದ, ಎಂದರ್ಥ. ಆ ಮೂರಕ್ಷರ ಇಲ್ಲದೆ ನಮ್ಮ ಕಚೇರಿಯಿಂದ ಒಂದು ಕಾಗದವೂ ಹೊರಬಿದ್ದದ್ದಿಲ್ಲ. ಮನೆಯಲ್ಲಿಯೂ ಅದು ನನ್ನ ಬಾಯಿಗೆ ಬರುತ್ತದೆಂದು ನನ್ನ ಹೆಂಡತಿಯ ಆರೋಪ. "ರೀ, ನಿಮ್ಮ ಸದರಿ ಊಟ ಆರ್ತಾ ಇದೆ, ಬರ್ತೀರೋ ಇಲ್ವೋ?" ಎಂದು ಅವಳು ಕೂಗಿದರೆ ಪಕ್ಕದ ಮನೆಯವರಿಗೂ ನಾವು ಊಟಕ್ಕೆ ಕೂತದ್ದು ಗೊತ್ತಾಗುತ್ತದೆ.

ಕಥೆ ಬರೆಯುವುದು ಕಷ್ಟ ಎಂದು ಎಲ್ಲ ಸಾಹಿತಿಗಳೂ ಹೇಳುತ್ತಾರೆ. ಬರೆದ ಕಥೆ ಯಾರಿಗೆ ಬೇಕಾಗಿದೆ ಎಂದು ಹುಡುಕುವುದು ಎಷ್ಟು ಕಷ್ಟ, ಯಾರಾದರೂ ಹೇಳಿದ್ದಾರೆಯೇ? ಕಥಾ ಸ್ಪರ್ಧೆಯ ಪ್ರಕಟಣೆ ಮುಖಪುಟದಲ್ಲಿ ಬರುತ್ತದೆಯೇ? ಇಲ್ಲ. ಕಾಣೆಯಾದವರ ಫೋಟೋಗೂ ಹಳೆಯ ಫ್ರಿಜ್ ಮಾರಾಟಕ್ಕೂ ನಡುವೆ, ಇರುವೆ ಸಾಲಿನಂಥ ಅಕ್ಷರಗಳಲ್ಲಿ ಅಡಗಿ ಕುಳಿತಿರುತ್ತದೆ. ಎಲ್ಲ ಪತ್ರಿಕೆಗಳನ್ನೂ ಕೊಳ್ಳುವ ಶಕ್ತಿ ನನಗಿರಲಿಲ್ಲ. ಆದ್ದರಿಂದ ಕ್ಷೌರದಂಗಡಿಯಲ್ಲಿ ಓದುತ್ತಿದ್ದೆ. ಆದರೆ ಒಬ್ಬ ಮನುಷ್ಯ ಎಷ್ಟೆಂದು ಕ್ಷೌರ ಮಾಡಿಸಿಕೊಂಡಾನು? "ಇನ್ನೇನ್ ಕತ್ತರಿಸ್ಲಿ ಸಾರ್, ಕಿವೀನಾ?" ಎಂದು ಅಂಗಡಿಯವ ಕೇಳಿದ ಮೇಲೆ ನಾನು ದಂತವೈದ್ಯರ ಬಳಿಗೆ ವರ್ಗವಾದೆ.

ಅಲ್ಲಿ ಪತ್ರಿಕೆಗಳ ರಾಶಿಯೇ ಇತ್ತು. ಆದರೆ ದಂತವೈದ್ಯರಲ್ಲಿ ಕುಳಿತವನನ್ನು ಒಳಗೆ ಕರೆಯುತ್ತಾರೆ, ಒಳಗೆ ಹೋದವನನ್ನು ನೋವೆಲ್ಲಿ ಎಂದು ಕೇಳುತ್ತಾರೆ. ಏನು ಹೇಳಲಿ? ಸುಮ್ಮನೆ ಒಂದು ಹಲ್ಲನ್ನು ತೋರಿಸಿದೆ. ಗಟ್ಟಿಮುಟ್ಟಾದ ಹಲ್ಲು, ಸಭಿಕರೇ, ಮೂರು ಸಲ ಎಳೆದ ಮೇಲೆ ಬಂತು. ಅದರ ಬದಲಿಗೆ ಸಿಕ್ಕ ಪ್ರಕಟಣೆಯನ್ನು ಮನೆಗೆ ತಂದು, ಊದಿದ ಕೆನ್ನೆಗೆ ಕೈ ಕೊಟ್ಟು, ಕನ್ನಡಕ ಹಾಕಿಕೊಂಡು ನೋಡಿದರೆ ಕೊನೆಯ ದಿನಾಂಕ ಮುಗಿದು ಎರಡು ವರ್ಷವಾಗಿತ್ತು. "ಹೋಗ್ಲಿ ಬಿಡಿ, ಬಾಯಲ್ಲಿ ಇನ್ನೂ ಎಷ್ಟೋ ಸ್ಪರ್ಧೆ ಉಳಿದಿವೆ" ಎಂದು ಹೆಂಡತಿ ಸಮಾಧಾನ ಮಾಡಿದಳು. ನಗಬೇಡಿ ಎಂದೆ.

ಪ್ರಕಟಣೆ ಸಿಕ್ಕಾಗಲೆಲ್ಲ ಕಳುಹಿಸಿದೆ. ಸ್ವವಿಳಾಸದ ಲಕೋಟೆ ಲಗತ್ತಿಸಿ ಎನ್ನುತ್ತಿದ್ದರು, ಲಗತ್ತಿಸಿದೆ. ನನ್ನ ವಿಳಾಸವನ್ನು ನಾನೇ ಅಂದವಾಗಿ ಬರೆದು ನನಗೇ ತರಿಸಿಕೊಳ್ಳುವುದು ಒಂದು ಅಭ್ಯಾಸವಾಯಿತು. ಅಂಚೆಯವ ಬಾಗಿಲಲ್ಲೇ ನಿಂತು, "ಸಾರ್, ನಿಮ್ಮ ಅಕ್ಷರ ವಾಪಸ್ ಬಂದಿದೆ" ಎನ್ನುತ್ತಿದ್ದ. ವಿಷಾದಪೂರ್ವಕವಾಗಿ ಹಿಂತಿರುಗಿಸಲಾಗಿದೆ ಎಂದು ಒಬ್ಬ ಸಂಪಾದಕರು ಬರೆದಾಗ, ತಮ್ಮ ಸದರಿ ವಿಷಾದವು ತಲುಪಿದ್ದು ಪರಿಶೀಲನೆಯಲ್ಲಿದೆ ಎಂದು ಉತ್ತರ ಬರೆದೆ. ಕಥೆಯಲ್ಲಿ ಸತ್ತ ಅಂಚೆಯವ ಯಾರೆಂದು ನಿಮಗೀಗ ಗೊತ್ತಾಗಿರಬೇಕು.

ಇಷ್ಟಾದರೂ ನಾನು ಏಕೆ ಬಿಡಲಿಲ್ಲ? ನನಗೆ ಒಬ್ಬ ಓದುಗರಿದ್ದರು. ಕೇಳುಗರು ಎನ್ನಬೇಕು. ನನ್ನ ಹೆಂಡತಿ ಹೊಲಿಗೆಯವಳು. ನಮ್ಮ ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಅವಳು ಯಂತ್ರದ ಮುಂದೆ, ನಾನು ಅಳತೆ ಕೊಡಲು ಬಂದವರು ಕೂರುವ ಸ್ಟೂಲಿನ ಮೇಲೆ. ಬರೆದ ಪ್ರತಿಯೊಂದು ಕಥೆಯನ್ನೂ ಅವಳಿಗೆ ಓದುತ್ತಿದ್ದೆ. ನಾಯಕಿಗೆ ಕೆಮ್ಮು ಶುರುವಾದೊಡನೆ ಅವಳು ಯಂತ್ರ ನಿಲ್ಲಿಸುತ್ತಿದ್ದಳು. ಹೊಲಿಯುತ್ತಿದ್ದ ಬಟ್ಟೆಯನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದಳು. ಭುಜಗಳು ಕುಲುಕುತ್ತಿದ್ದವು, ಕಣ್ಣಲ್ಲಿ ಧಾರೆ. "ಸಾಕಾ? ನಿಲ್ಲಿಸ್ಲಾ?" ಎಂದರೆ ಮಾತಾಡಲಾಗದೆ, ಓದಿ ಓದಿ ಎಂದು ಕೈ ಮಾಡುತ್ತಿದ್ದಳು. ಸಂಪಾದಕರೆಲ್ಲ ಕಲ್ಲೆದೆಯವರಾದರೇನು, ಇವಳೊಬ್ಬಳಾದರೂ ಅಳುತ್ತಾಳಲ್ಲ ಎಂದು ನಾನು ಎದೆ ಉಬ್ಬಿಸಿ ಮುಂದಿನ ಸಾವಿಗೆ ಸಿದ್ಧನಾಗುತ್ತಿದ್ದೆ.

ಅವುಗಳಲ್ಲಿ ಒಂದು ಕಥೆ ಬೇರೆ. ನನ್ನ ಮಾವನವರು ತೀರಿಕೊಂಡ ವರ್ಷ ಬರೆದದ್ದು. ಅವರೂ ಹೊಲಿಗೆಯವರೇ. ಮಗಳ ಕೈಗೆ ಕತ್ತರಿ ಕೊಟ್ಟು ಕಲಿಸಿದವರು. ಅವರು ಹೋದ ಮೇಲೆ ಇವಳು ಅಳಲಿಲ್ಲ, ಮಾತಾಡಲಿಲ್ಲ, ನನ್ನನ್ನು ಬೈಯಲೂ ಇಲ್ಲ. ಬರೀ ಯಂತ್ರದ ಸದ್ದು. ಬೈಯದ ಹೆಂಡತಿಯನ್ನು ಕಂಡು ನನಗೆ ನಿಜವಾಗಿ ಹೆದರಿಕೆಯಾಯಿತು. ಅತ್ತರೆ ಹಗುರಾಗುತ್ತಾಳೆ, ಅಳಿಸಲು ನನಗಿಂತ ತಕ್ಕವರು ಯಾರಿದ್ದಾರೆ ಎಂದುಕೊಂಡು, ನನ್ನಲ್ಲಿದ್ದ ದುಃಖವನ್ನೆಲ್ಲ ಹಿಂಡಿ ಒಬ್ಬ ನಾಯಕಿಯನ್ನು ಕೊಂದೆ. ಓದಿದೆ. ಬಟ್ಟೆ ಬಾಯಿಗೆ ಹೋಯಿತು, ಭುಜ ಕುಲುಕಿತು. ಮಾರನೆಯ ಬೆಳಿಗ್ಗೆ ಹಾಸಿಗೆಯ ಮೇಲೆ ಒದ್ದೆ ಟವೆಲ್ ಎಸೆದದ್ದಕ್ಕೆ ನನಗೆ ಚೆನ್ನಾಗಿ ಬೈದಳು. ಎಷ್ಟು ಇಂಪಾಗಿತ್ತು ಆ ಬೈಗುಳ! ಆ ಕಥೆಯನ್ನು ನಾನು ಯಾವ ಸ್ಪರ್ಧೆಗೂ ಕಳುಹಿಸಲಿಲ್ಲ. ಅದಕ್ಕೆ ತಕ್ಕ ಸ್ಪರ್ಧೆ ಬರಲೆಂದು ಕಾದೆ.

ಈಗ ಕತ್ತರಿಯ ವಿಷಯಕ್ಕೆ ಬರುತ್ತೇನೆ. ಹೊಲಿಗೆಯವರು ಹೊಸ ಅಳತೆಯ ಬಟ್ಟೆಗೆ ಕೈ ಹಾಕುವ ಮುನ್ನ ಹಳೆಯ ಪತ್ರಿಕೆಯಲ್ಲಿ ಅದರ ಆಕಾರ ಕತ್ತರಿಸಿಕೊಳ್ಳುತ್ತಾರೆ. ಹಳೆಯ ಪತ್ರಿಕೆ ಎಂದೆ. ಸಹೋದ್ಯೋಗಿಯನ್ನು ಕಾಡಿ ಬೇಡಿ ತಂದ ಹೊಚ್ಚಹೊಸ ವಾರಪತ್ರಿಕೆಯನ್ನು ಮೇಜಿನ ಮೇಲಿಟ್ಟು ನಾನು ಸ್ನಾನಕ್ಕೆ ಹೋಗಿದ್ದೆ. ಬಂದು ನೋಡಿದರೆ ಅದು ಯಾರದೋ ಅಂಗಿಯ ಎಡತೋಳಾಗಿತ್ತು. "ಮೇಜಿನ್ ಮೇಲಿತ್ತು, ಕತ್ತರಿಸ್ದೆ. ಓದೋದಿದ್ರೆ ತಲೆ ಮೇಲೆ ಇಟ್ಕೊಂಡು ಹೋಗ್ಬೇಕಿತ್ತು" ಎಂದಳು. ಗುಂಡುಸೂಜಿ ಕಿತ್ತು, ಆ ತೋಳನ್ನು ಮೊಣಕಾಲ ಮೇಲೆ ಹರಡಿ ಓದಿದೆ. ಕಥಾ ಸ್ಪರ್ಧೆ! ವಿಳಾಸ ಇಡಿಯಾಗಿತ್ತು, ಕೊನೆಯ ದಿನಾಂಕ ಇನ್ನೂ ಮುಂದಿತ್ತು. ಸಾಲುಗಳ ಎಡತುದಿ ಮಾತ್ರ ಕಂಕುಳಿನ ತಿರುವಿನಲ್ಲಿ ಹೋಗಿತ್ತು. ಉಳಿದದ್ದರಲ್ಲಿ ಒಂದು ನಿಯಮ ಹೀಗಿತ್ತು: 'ಹೆಸರನ್ನು ಕಥೆಯಲ್ಲಿ ಎಲ್ಲಿಯೂ ನಮೂದಿಸತಕ್ಕದ್ದಲ್ಲ.'

ವಿಚಿತ್ರ ನಿಯಮ ಎನಿಸಿತು. ಆದರೆ ನಿಯಮ ಎಂದ ಮೇಲೆ ನಿಯಮ. ನಾನು ಗುಮಾಸ್ತ, ನಿಯಮವನ್ನು ಪ್ರಶ್ನಿಸುವವನಲ್ಲ. ಕಾದಿರಿಸಿದ ಆ ಕಥೆಯನ್ನು ಹೊರತೆಗೆದು ನಾಯಕ, ನಾಯಕಿ, ಅತ್ತೆ, ವೈದ್ಯ ಎಲ್ಲರ ಹೆಸರನ್ನೂ ಹೊಡೆದುಹಾಕಿದೆ. ಆ ಜಾಗಗಳಲ್ಲಿ ಏನು ಹಾಕಲಿ? ನನಗೆ ಗೊತ್ತಿದ್ದದ್ದು ಒಂದೇ ಪದ.

ತೀರ್ಪುಗಾರರೇ, ಅಲ್ಲಿ 'ಲೇಖಕರ ಹೆಸರನ್ನು' ಎಂದಿತ್ತೆಂದು ನನಗೆ ತಿಳಿದದ್ದು ನಿಮ್ಮ ಪತ್ರ ಬಂದ ಮೇಲೆ. ಶೀರ್ಷಿಕೆಯಲ್ಲಿ 'ಹಾಸ್ಯ' ಎಂದಿತ್ತೆಂಬುದೂ ಆಗಲೇ ತಿಳಿದದ್ದು. ಹಾಸ್ಯ ಹೋಗಿ ಸೇರಿದ್ದು ಕಂಕುಳಿಗೆ. ಕಚಗುಳಿ ಇರುವುದೂ ಅಲ್ಲೇ ತಾನೆ! ಪ್ರೇಮವನ್ನೂ ಸಾವನ್ನೂ ಕಚೇರಿ ಭಾಷೆಯಲ್ಲಿ ಹಿಡಿದಿಟ್ಟ ಅಪರೂಪದ ವಿಡಂಬನೆ ಎಂದು ಬರೆದಿದ್ದಿರಿ. ನಗು ತಡೆಯಲಾಗದೆ ಒಬ್ಬ ತೀರ್ಪುಗಾರರು ಕೋಣೆಯಿಂದ ಹೊರಗೆ ಹೋದರೆಂದೂ ಬರೆದಿದ್ದಿರಿ. ಆ ಮಹನೀಯರು ಯಾರು? ಕೈ ಎತ್ತುವುದು ಬೇಡ, ಮುಖದಲ್ಲೇ ಕಾಣುತ್ತಿದೆ.

ನನಗೆ ತುಂಬ ನೋವಾಯಿತು. ಸತ್ಯವಾಗಿ ಹೇಳುತ್ತೇನೆ, ಹಲ್ಲು ಕಿತ್ತಾಗಲೂ ಅಷ್ಟು ನೋವಾಗಿರಲಿಲ್ಲ. ಒಬ್ಬಳ ಕಣ್ಣೀರಿಗಾಗಿ ಬರೆದ ಕಥೆಗೆ ಊರೆಲ್ಲ ನಕ್ಕರೆ ಹೇಗಿರುತ್ತದೆ? ಇವತ್ತು ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ತಿರಸ್ಕಾರದ ಭಾಷಣವನ್ನು ಅಭ್ಯಾಸ ಮಾಡುತ್ತಿದ್ದೆ. 'ನನ್ನ ಪತ್ನಿಯ ಪವಿತ್ರ ಕಂಬನಿಗಳ ಆಣೆಯಾಗಿ' ಎನ್ನುವಷ್ಟರಲ್ಲಿ ಅವಳು ಬಾಯಲ್ಲಿ ಕಚ್ಚಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದಳು.

"ರೀ, ಒಂದು ಮಾತು. ಬೇಜಾರು ಮಾಡ್ಕೋಬಾರ್ದು. ನಾನು ಯಾವತ್ತೂ ಅತ್ತಿಲ್ಲ."

"ಮತ್ತೆ ಆ ಕಣ್ಣೀರು?"

"ನಕ್ಕೂ ನಕ್ಕೂ ಬಂದದ್ದು."

"ಎಲ್ಲಾ ಕಥೆಗೂ?"

"ಎಲ್ಲಾ ಕಥೆಗೂ. ಅಪ್ಪ ಹೋದ್ಮೇಲೆ ಇನ್ನು ನನಗೆ ನಗು ಅನ್ನೋದೇ ಬರಲ್ಲ ಅನ್ಕೊಂಡಿದ್ದೆ ಕಣ್ರೀ. ಆವತ್ತು ನಿಮ್ಮ ನಾಯಕಿ ಸಾಯ್ತಾಳಲ್ಲ, ಆಗ ಬಂತು. ನೀವು ಅಷ್ಟು ಪ್ರೀತಿಯಿಂದ ಓದ್ತಿದ್ರಿ, ನಿಮ್ಮೆದುರಿಗೆ ಹೇಗೆ ನಗ್ಲಿ? ಬಟ್ಟೆ ತುರುಕ್ಕೊಂಡೆ."

ಸಭಿಕರೇ, ನಾನು ಅವಳೊಡನೆ ಮಾತು ಬಿಟ್ಟೆ. ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕುಳಿತೆ. ಅವಳ ಟಿಕೆಟನ್ನೂ ನಾನೇ ತೆಗೆಸಿದೆ, ಅದು ಬೇರೆ ಮಾತು. ಇಡೀ ದಾರಿ ಕಿಟಕಿಯ ಹೊರಗೆ ನೋಡುತ್ತ ಯೋಚಿಸಿದೆ. ನಾನು ಅಂದು ಬರೆದದ್ದು ಏತಕ್ಕೆ? ಅವಳು ಅಳಲಿ ಎಂದೋ, ಮೊದಲಿನಂತಾಗಲಿ ಎಂದೋ? ಮೊದಲಿನಂತಾದಳೋ ಇಲ್ಲವೋ? ಒದ್ದೆ ಟವೆಲಿಗೆ ಬೈದಳೋ ಇಲ್ಲವೋ? ಹಾಗಿದ್ದ ಮೇಲೆ ನನ್ನ ದೂರು ಏನು? ದೂರು ವಿಭಾಗದಲ್ಲಿ ಇಷ್ಟು ವರ್ಷ ಕುಳಿತವನು, ಸದರಿ ದೂರನ್ನು ಗಮನಿಸಲಾಗಿದೆ ಎಂದು ನನಗೆ ನಾನೇ ಉತ್ತರಿಸಿಕೊಂಡೆ. ಇವಳೆದುರು ನಾನು ಪೆದ್ದನಾದೆ ಎಂಬ ಸಿಟ್ಟು ಮಾತ್ರ ಈ ವೇದಿಕೆಯ ಮೆಟ್ಟಿಲು ಹತ್ತುವವರೆಗೂ ಇತ್ತು. ಈಗ ನೋಡಿದರೆ ಇಲ್ಲ. ಇಳಿಯುವಾಗ ಬರಬಹುದು.

ಪತ್ರಿಕೆ ಕೊಟ್ಟ ಸಹೋದ್ಯೋಗಿಗೆ, ಕಿವಿ ಉಳಿಸಿದ ಕ್ಷೌರಿಕರಿಗೆ, ಕೊಲೆಯಾದ ಮೇಲೂ ಪತ್ರ ತಂದುಕೊಟ್ಟ ಅಂಚೆಯವರಿಗೆ, ತೀರ್ಪುಗಾರರಿಗೆ, ಮತ್ತು ಎಡತೋಳಿನ ಆ ಅಂಗಿಯನ್ನು ಈಗ ಎಲ್ಲೋ ತೊಟ್ಟುಕೊಂಡಿರುವ ಅಪರಿಚಿತರಿಗೆ ನನ್ನ ಧನ್ಯವಾದಗಳು. ಅಧ್ಯಕ್ಷರ ಅಪ್ಪಣೆ ಪಡೆದು, ಆ ಕಥೆಯ ಒಂದೇ ಒಂದು ವಾಕ್ಯವನ್ನು ಓದಿ ಮುಗಿಸುತ್ತೇನೆ. ಕಂಬದ ಪಕ್ಕದಲ್ಲಿರುವವರಿಗೆ ಒಂದು ವಿನಂತಿ. ಆ ಕರವಸ್ತ್ರವನ್ನು ದಯವಿಟ್ಟು ಕೆಳಗಿಡು.

'ಸದರಿ ನಾಯಕಿಯು ಸದರಿ ನಾಯಕನ ಮಡಿಲಿನಲ್ಲಿ ಸದರಿ ಪ್ರಾಣವನ್ನು ತ್ಯಜಿಸಿ, ತದನಂತರ ಕಣ್ತೆರೆದು, ನೀರಿನ ಬಿಲ್ಲನ್ನು ನಿಗದಿತ ದಿನಾಂಕದೊಳಗೆ ಪಾವತಿಸತಕ್ಕದ್ದೆಂದು ತಿಳಿಸಿ, ಪುನಃ ತ್ಯಜಿಸಿದಳು.'

ಕೇಳಿದಿರಾ? ಎಲ್ಲರೂ ತಿರುಗಿ ನೋಡುತ್ತಿದ್ದೀರಿ. ನೋಡಿ, ಪರವಾಗಿಲ್ಲ. ಅವಳೇ. ನಮ್ಮ ಮನೆಯಲ್ಲಿ ಇಷ್ಟು ವರ್ಷ ಬಟ್ಟೆಯೊಳಗೆ ಇದ್ದ ನಗು ಇದು. ಇಷ್ಟು ಜೋರಾಗಿ ಇದೆಯೆಂದು ನನಗೂ ಗೊತ್ತಿರಲಿಲ್ಲ.

ಸದರಿ ಬಹುಮಾನವನ್ನು ಸ್ವೀಕರಿಸಲಾಗಿದೆ. ನಮಸ್ಕಾರ.