ಬೆಚ್ಚಗಿನ ಫ್ಯಾಂಟಾ ಕುಡಿದು ಸಹಿ ಹಾಕಿದವನ ಮಾತು

ಎಲ್ಲರಿಗೂ ನಮಸ್ಕಾರ. ಟಿವೊಂಗೆ ಹರಾವಾ ಅವರ ಪತಿ ಎಡ್ಗಾರ್ ಮ್ಸಿಸ್ಕಾ ಅವರೇ, ಮಗಳು ಲುಸುಂಗು, ಪಾದ್ರಿಗಳೇ, ನಮ್ಮ ಸೂರ್ಯಶಕ್ತಿ ನಿಧಿಯ ನಿರ್ದೇಶಕರೇ, ಪರಿಶೀಲನಾ ವಿಭಾಗದ ಗೆಳೆಯರೇ — ಮತ್ತು ಹಿಂದೆ, ಬಾಗಿಲ ಹತ್ತಿರ ಚಾಪೆಯ ಮೇಲೆ ಕುಳಿತಿರುವ ಚಿಸಂಗಾ ಊರಿನ ತಾಯಂದಿರೇ. ಸರೋವರದ ದಡದಿಂದ ರಾಜಧಾನಿ ಲಿಲಾಂಗ್ವೆಯವರೆಗೆ ಮೀನಿನ ಲಾರಿಯಲ್ಲಿ ಬಂದಿದ್ದೀರಿ ಎಂದು ಕೇಳಿದೆ. ಮುಂದೆ ಕುರ್ಚಿಗಳು ಖಾಲಿ ಇವೆ, ಬನ್ನಿ. — ಬರುವುದಿಲ್ಲವೇ? ಸರಿ, ಅಲ್ಲೇ ಇರಿ. ನಾನೇ ಸ್ವಲ್ಪ ಜೋರಾಗಿ ಮಾತಾಡುತ್ತೇನೆ.

ನಾನು ಗುಡ್‌ಸನ್ ಕುಮ್ವೆಂಡಾ. ಹತ್ತೊಂಬತ್ತು ವರ್ಷ ಟಿವೊಂಗೆ ಅವರ ಎದುರಿನ ಮೇಜಿನಲ್ಲಿ ಕೂತವನು. "ನೀವು ಹಳಬರು, ಅವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಳಿ" ಎಂದು ಕಚೇರಿಯವರು ಕೇಳಿದರು. ಹೇಳುತ್ತೇನೆ. ಆದರೆ ಅದಕ್ಕೂ ಮೊದಲು ಒಂದು ಮಾತು ಹೇಳದೆ ಹೋದರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ. ನನಗೆ ಟಿವೊಂಗೆ ಮೇಲೆ ಹೊಟ್ಟೆಕಿಚ್ಚಿತ್ತು. — ಇತ್ತು ಅಲ್ಲ, ಇದೆ. ಇಲ್ಲಿ, ಅವರ ಫೋಟೋ ಪಕ್ಕದಲ್ಲಿ ನಿಂತಿರುವಾಗಲೂ ಇದೆ.

ನಗಬೇಡಿ. ಅಥವಾ ನಗಿ, ಪರವಾಗಿಲ್ಲ. ಅವರಿದ್ದಿದ್ದರೆ ಎಲ್ಲರಿಗಿಂತ ಮೊದಲು ನಗುತ್ತಿದ್ದುದು ಅವರೇ.

ನಾವಿಬ್ಬರೂ ಕೆಲಸಕ್ಕೆ ಸೇರಿದ್ದು ಒಂದೇ ಸೋಮವಾರ. ನಾನು ಹೊಸ ಬೂಟು ಹಾಕಿಕೊಂಡು ಏಳೂವರೆಗೇ ಬಂದು ಕೂತಿದ್ದೆ. ಅವರು ಒಂಬತ್ತಕ್ಕೆ ಬಂದರು, ಕೈಯಲ್ಲಿ ಬಾಳೆಹಣ್ಣಿನ ಚೀಲ. ಮಧ್ಯಾಹ್ನದ ಹೊತ್ತಿಗೆ ಕಾವಲುಗಾರನಿಂದ ಹಿಡಿದು ಆಗಿನ ನಿರ್ದೇಶಕರವರೆಗೆ ಎಲ್ಲರಿಗೂ ಟಿವೊಂಗೆ ಹೆಸರು ಗೊತ್ತಾಗಿತ್ತು. ನನ್ನನ್ನು ಒಂದು ತಿಂಗಳಾದರೂ "ಆ ಬೂಟಿನವನು" ಎನ್ನುತ್ತಿದ್ದರು. ವಿಭಾಗದ ಮುಖ್ಯಸ್ಥರ ಕುರ್ಚಿಗೆ ಇಬ್ಬರೂ ಅರ್ಜಿ ಹಾಕಿದೆವು, ಅವರಿಗೆ ಸಿಕ್ಕಿತು. ನನ್ನ ಹೆಂಡತಿ ಕೂಡ ನಾನು ಮನೆಗೆ ಹೋದ ಕೂಡಲೇ ಕೇಳುತ್ತಿದ್ದುದು, "ಇವತ್ತು ಟಿವೊಂಗೆ ಏನಂದ್ಲು?" ಅಂತ. ನಾನೂ ಇವತ್ತು ಏನೋ ಅಂದಿರಬಹುದಲ್ಲ, ಅದನ್ನು ಕೇಳುವವರೇ ಇರಲಿಲ್ಲ.

ಈಗ, ಈ ಸಭಾಂಗಣಕ್ಕೆ ಬರುವಾಗ ನೋಡುತ್ತಾ ಬಂದೆ. ಹೊರಗೆ ಎರಡು ಬಸ್ಸು, ಒಂದು ಲಾರಿ. ನಾನು ಸತ್ತರೆ ಒಂದು ಮಿನಿಬಸ್ಸು ತುಂಬಿದರೆ ಹೆಚ್ಚು. ಅದರಲ್ಲೂ ಅರ್ಧ ಜನ ಊಟಕ್ಕೆ ಬಂದವರು. — ಹೌದು, ಸತ್ತವರ ಮೇಲೂ ಹೊಟ್ಟೆ ಉರಿದುಕೊಂಡೆ. ದೇವರು ಕ್ಷಮಿಸಲಿ.

ಈಗ ಚಿಸಂಗಾ ವಿಷಯಕ್ಕೆ ಬರುತ್ತೇನೆ. ಆ ತಾಯಂದಿರು ಬಂದಿರುವುದೂ ಅದಕ್ಕೇ.

ಮೂರು ವರ್ಷದ ಹಿಂದೆ ನಿಧಿಯ ದುಡ್ಡಿನಲ್ಲಿ — ಅಂದರೆ ನಿಮ್ಮ, ನನ್ನ ತೆರಿಗೆ ದುಡ್ಡಿನಲ್ಲಿ — ಚಿಸಂಗಾದಲ್ಲಿ ಸೌರವಿದ್ಯುತ್ ಕೇಂದ್ರ ಕಟ್ಟಿದರು. ಆಸ್ಪತ್ರೆಯಲ್ಲಿ ಲಸಿಕೆ ಇಡುವ ಫ್ರಿಜ್ಜು, ಹಿಟ್ಟಿನ ಗಿರಣಿ, ಅಂಗಡಿಯ ಫ್ರಿಜ್ಜು, ಮೀನು ಮಾರುವ ಹೆಂಗಸರಿಗೆ ತಂಪು ಪೆಟ್ಟಿಗೆ, ಎಲ್ಲವೂ ಅದರಿಂದಲೇ ಓಡಬೇಕಿತ್ತು. ಕೆಲಸ ಮುಗಿದಿದೆ ಎಂದು ಪರಿಶೀಲಿಸಿ ಸಹಿ ಹಾಕಲು ಒಬ್ಬ ಅಧಿಕಾರಿ ಹೋದ. ಆ ಅಧಿಕಾರಿ ನಾನು.

ನಮ್ಮಲ್ಲಿ ಪರಿಶೀಲನೆ ಹೇಗೆ ನಡೆಯುತ್ತದೆ ಎಂದು ಇಲ್ಲಿರುವ ಎಲ್ಲರಿಗೂ ಗೊತ್ತು. ಮೊದಲು ಊರ ಮುಖ್ಯಸ್ಥರ ಮನೆ. ಚಪ್ಪಾಳೆ ತಟ್ಟಿ ನಮಸ್ಕಾರ. ಹೆಂಗಸರ ಹಾಡು. ಕೋಳಿ ಸಾರು, ನ್ಸಿಮಾ ಮುದ್ದೆ. ಆಮೇಲೆ ಸೌರ ಹಲಗೆಗಳ ಕೆಳಗೆ ನಿಂತು ಒಂದು ಫೋಟೋ. ಚಿಸಂಗಾದಲ್ಲೂ ಅಷ್ಟೇ. ಛಾವಣಿಯ ಮೇಲೆ ಸೌರ ಹಲಗೆಗಳು ಕಣ್ಣು ಕುಕ್ಕುವ ಹಾಗೆ ಹೊಳೆಯುತ್ತಿದ್ದವು. ಆಸ್ಪತ್ರೆಯಲ್ಲಿ ಹಾಡಹಗಲೇ ಬಲ್ಬು ಉರಿಯುತ್ತಿತ್ತು. ಹಿಂದೆ ಎಲ್ಲೋ ಡುಗುಡುಗು ಸದ್ದು. ಗಿರಣಿ ಇರಬೇಕು ಅಂದುಕೊಂಡೆ. ಬ್ಯಾಟರಿ ಕೋಣೆಗೆ ಬೀಗ. ಬೀಗದ ಕೈ ಕಂಟ್ರಾಕ್ಟರ್ ಹತ್ತಿರ ಉಳಿದಿದೆ ಅಂದರು. ಅಷ್ಟು ಮರ್ಯಾದೆ ಮಾಡಿದವರ ಮುಂದೆ ಬಾಗಿಲು ತೆಗೆಸಿ ಎಂದು ಹಟ ಹಿಡಿಯುವುದು ಹೇಗೆ?

ಹೊರಡುವ ಮೊದಲು ಅಂಗಡಿಯ ನ್ಯಾಚಿರ್ವಾ ಅಮ್ಮ — ಅಗೋ, ಅಲ್ಲಿ ಹಸಿರು ತಲೆವಸ್ತ್ರದವರು — ಬೆಂಚಿನ ಮೇಲೆ ಕೂತಿದ್ದ ನನಗೊಂದು ಫ್ಯಾಂಟಾ ತಂದುಕೊಟ್ಟರು. ಬಾಟ್ಲಿ ಬೆಚ್ಚಗಿತ್ತು. ಕುಡಿದೆ. ಪೂರ್ತಿ ಕುಡಿದೆ. "ತುಂಬಾ ಚೆನ್ನಾಗಿತ್ತಮ್ಮಾ" ಅಂದೆ. ಸಹಿ ಹಾಕಿದೆ. ಕತ್ತಲಾಗುವ ಮೊದಲು ಜೀಪು ಟಾರು ರಸ್ತೆ ಮುಟ್ಟಬೇಕಲ್ಲ, ಹೊರಟುಬಂದೆ.

ಈ ವರ್ಷ ಮಾರ್ಚಿನಲ್ಲಿ ಟಿವೊಂಗೆ ಚಿಸಂಗಾಕ್ಕೆ ಹೋದರು. ಅದೇ ಮುಖ್ಯಸ್ಥರು, ಅದೇ ಹಾಡು, ಅದೇ ಕೋಳಿ. ಅದೇ ಬೆಂಚು. ಅದೇ ಫ್ಯಾಂಟಾ. ಅವರು ಒಂದು ಗುಟುಕು ಕುಡಿದರು. ಬಾಟ್ಲಿಯನ್ನು ಹೀಗೆ — ಕೆನ್ನೆಗೆ ಹಿಡಿದರು. ಆಮೇಲೆ ಕೇಳಿದರು, "ಅಮ್ಮಾ, ಇದು ಬೆಚ್ಚಗಿದೆಯಲ್ಲ. ನಿಮ್ಮ ಫ್ರಿಜ್ಜು ಕೆಟ್ಟಿದೆಯಾ?"

ಜೊತೆಗಿದ್ದ ಚಾಲಕ ಹೇಳಿದ, ಅಂಗಳದಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರಂತೆ. ಉಂಡ ಮನೆಯ ಜಂತೆ ಎಣಿಸಬಾರದು ಎಂದು ನಮಗೆ ಹುಟ್ಟಿದಾಗಿನಿಂದ ಹೇಳಿಕೊಟ್ಟಿದ್ದಾರೆ. ಕೊಟ್ಟದ್ದನ್ನು ತಿಂದು, ಚೆನ್ನಾಗಿತ್ತು ಅಂದು ಬರಬೇಕು. ಹರಾವಾ ಮನೆತನದ ಹೆಣ್ಣುಮಗಳು, ಸರ್ಕಾರಿ ಜೀಪಿನಲ್ಲಿ ಬಂದವರು, ಬಡವರು ಕೊಟ್ಟ ಪಾನೀಯಕ್ಕೆ ಕೊಂಕು ತೆಗೆಯುವುದೇ! ಮುಖ್ಯಸ್ಥರು ತಲೆ ತಗ್ಗಿಸಿದರಂತೆ. ಆಗ ನ್ಯಾಚಿರ್ವಾ ಅಮ್ಮ ನಕ್ಕರು. "ಕೆಡೋಕೆ ಅದು ಒಂದು ದಿನನಾದ್ರೂ ಓಡಿರ್ಬೇಕಲ್ಲ ಮಗಳೇ! ಅದರೊಳಗೆ ನಾನು ಜೋಳದ ಹಿಟ್ಟು ಇಡ್ತೀನಿ. ಇಲಿ ಬರಲ್ಲ, ಬಾಗಿಲು ಗಟ್ಟಿ ಇದೆ."

ಆಮೇಲೆ ಮಾತು ನಿಲ್ಲಲಿಲ್ಲ. ಟಿವೊಂಗೆ ಬ್ಯಾಟರಿ ಕೋಣೆಯ ಹತ್ತಿರ ಹೋದರು. ಊರವರು ಬೀಗದ ಕೈ ಇಲ್ಲ ಅಂದರು. ಹೆಂಗಸರು ಜೋಳ ಕುಟ್ಟುವ ಒರಳನ್ನು ಉರುಳಿಸಿಕೊಂಡು ಬಂದು ಬೋರಲು ಹಾಕಿದರು. ಟಿವೊಂಗೆ ಅದರ ಮೇಲೆ ಹತ್ತಿ ಬೆಳಕಿಂಡಿಯಿಂದ ಇಣುಕಿದರು. ಒಳಗೆ ಬರೀ ನೆಲ. ಬ್ಯಾಟರಿ ಕೂರಿಸಲು ಕೊರೆದ ತೂತುಗಳು ಮಾತ್ರ ಇದ್ದವು, ಬ್ಯಾಟರಿ ಬಂದೇ ಇರಲಿಲ್ಲ. ಅದಿಲ್ಲದೆ ಆ ಹಲಗೆಗಳಿಂದ ಒಂದು ಬಲ್ಬೂ ಉರಿಯುವುದಿಲ್ಲ. ನಾನು ಹೋದ ದಿನ ಉರಿದ ಬಲ್ಬು ಕಂಟ್ರಾಕ್ಟರ್ ತಂದಿದ್ದ ಜನರೇಟರಿನದು. ನನ್ನ ಜೀಪು ಊರು ದಾಟುತ್ತಲೇ ಅದೂ ಲಾರಿ ಹತ್ತಿ ಹೋಯಿತಂತೆ.

ಇದರಲ್ಲಿ ನಗುವಂಥದ್ದು ಇಷ್ಟೇ. ಮುಂದಿನದು ಕೇಳಿ. ಮೊದಲು ಚಿಸಂಗಾಕ್ಕೆ ಪ್ರತಿ ತಿಂಗಳು ಮಂಜುಗಡ್ಡೆ ಪೆಟ್ಟಿಗೆಯಲ್ಲಿ ಲಸಿಕೆ ಹೊತ್ತು ಒಂದು ಮೋಟಾರ್‌ಸೈಕಲ್ ಬರುತ್ತಿತ್ತು. ನಾನು ಸಹಿ ಹಾಕಿದ ಕಾಗದ ನೋಡಿ ಜಿಲ್ಲೆಯವರು ಅದನ್ನು ನಿಲ್ಲಿಸಿದರು. ಆ ಊರಿಗೆ ಈಗ ಫ್ರಿಜ್ಜಿದೆಯಲ್ಲ, ಇನ್ನೇಕೆ ಎಂದರು. ಮೂರು ವರ್ಷ — ಈ ಚಾಪೆಯ ಮೇಲೆ ಕೂತಿರುವ ತಾಯಂದಿರು ಮಕ್ಕಳನ್ನು ಬೆನ್ನಿಗೆ ಕಟ್ಟಿಕೊಂಡು, ಬಾಡಿಗೆ ಸೈಕಲ್ಲಿನ ಹಿಂದೆ ಕೂತು, ಮೂವತ್ತು ಕಿಲೋಮೀಟರು ಹೋಗಿ ಲಸಿಕೆ ಹಾಕಿಸಿದರು. ಹೋಗಲಾಗದವರು ಹಾಕಿಸಲಿಲ್ಲ. ಕಳೆದ ವರ್ಷ ಅಲ್ಲಿ ದಡಾರ ಬಂತು. ಎರಡು ಮಕ್ಕಳು ಹೋದವು. ಆ ತಾಯಂದಿರಲ್ಲಿ ಒಬ್ಬರು ಈಗ ಇಲ್ಲೇ ಇದ್ದಾರೆ. ಅವರನ್ನು ತೋರಿಸುವುದಿಲ್ಲ. — ಒಂದು ನಿಮಿಷ, ನೀರು.

ಟಿವೊಂಗೆ ಆ ಅಂಗಳದಲ್ಲೇ ನಿಂತು ಜಿಲ್ಲಾ ಆಸ್ಪತ್ರೆಗೆ ಫೋನ್ ಮಾಡಿದರು. ಮುಂದಿನ ವಾರದಿಂದ ಮೋಟಾರ್‌ಸೈಕಲ್ ಮತ್ತೆ ಬರತೊಡಗಿತು.

ಈ ಸುದ್ದಿ ಕೇಳಿದಾಗ ನನಗೆ ಮೊದಲು ಏನನಿಸಿತು ಗೊತ್ತೇ? ನಾಚಿಕೆಯಲ್ಲ. ಆ ಮಕ್ಕಳ ನೆನಪೂ ಅಲ್ಲ. 'ಈ ಹೆಸರೂ ಅವಳಿಗೇ ಹೋಯಿತಲ್ಲ' ಅನಿಸಿತು. ಅದೇ ಬೆಂಚಿನಲ್ಲಿ ನಾನೇ ಮೊದಲು ಕೂತಿದ್ದೆನಲ್ಲ, ಆ ಬಾಟ್ಲಿ ನನ್ನ ಕೈಯಲ್ಲೇ ಮೊದಲು ಇತ್ತಲ್ಲ ಅನಿಸಿತು. ಹೊಟ್ಟೆಕಿಚ್ಚು ಮನುಷ್ಯನನ್ನು ಎಷ್ಟು ಸಣ್ಣವನನ್ನಾಗಿ ಮಾಡುತ್ತದೆ ನೋಡಿ.

ಸಭೆಗೆ ಮೊದಲು ಹೊರಗೆ ನ್ಯಾಚಿರ್ವಾ ಅಮ್ಮನನ್ನು ಕೇಳಿದೆ: "ಅಮ್ಮಾ, ಅವತ್ತು ನಂಗ್ಯಾಕೆ ಹೇಳ್ಲಿಲ್ಲ?" ಅವರು ಅಂದರು, "ನೀನು ಬಾಟ್ಲಿ ಖಾಲಿ ಮಾಡಿ ಚೆನ್ನಾಗಿತ್ತು ಅಂದ್ಯಲ್ಲಪ್ಪಾ. ಬಂದ ನೆಂಟನೇ ಚೆನ್ನಾಗಿದೆ ಅಂದ್ಮೇಲೆ ನಾವು ಚೆನ್ನಾಗಿಲ್ಲ ಅನ್ನೋಕಾಗುತ್ತಾ?"

ಟಿವೊಂಗೆ ಅಷ್ಟಕ್ಕೆ ಬಿಡಲಿಲ್ಲ. ಇನ್ನೂ ಹತ್ತು ಊರು ತಿರುಗಿದರು. ಒಟ್ಟು ಐದು ಕಡೆ ಬ್ಯಾಟರಿ ಇರಲಿಲ್ಲ. ವರದಿ ಬರೆದರು. ಯಾವ ಊರು, ಏನು ಕಾಣೆಯಾಗಿದೆ, 'ಎಲ್ಲವೂ ಇದೆ' ಎಂದು ಸಹಿ ಹಾಕಿದ್ದು ಯಾರು — ಒಂದೊಂದು ಊರಿಗೆ ಒಂದೊಂದು ಸಾಲು. ಒಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ನನ್ನೆದುರು ಚಹಾ ಇಟ್ಟುಕೊಂಡು ಕೂತರು.

"ಗುಡ್‌ಸನ್, ಚಿಸಂಗಾ ಸಾಲಲ್ಲಿ ಹೆಸರಿನ ಜಾಗ ಖಾಲಿ ಬಿಟ್ಟಿದ್ದೀನಿ."

"ಯಾಕೆ? ನನ್ನ ಮೇಲೆ ಕನಿಕರಾನಾ?"

"ಕನಿಕರ ಅಲ್ಲ ಕಣೋ. ನಾನು ಬರೆದ್ರೆ ಅದು ದೂರು ಆಗುತ್ತೆ. ನೀನೇ ಬರೆದ್ರೆ ಜನಕ್ಕೆ ಉತ್ತರ ಕೊಟ್ಟ ಹಾಗೆ. ಒಂದು ವಾರ ತಗೋ."

"ದೊಡ್ಡಸ್ತಿಕೆಯಲ್ಲೂ ನೀನೇ ಮುಂದೆ ಇರ್ಬೇಕಾ?" ಅಂದೆ. ಚಹಾ ಅಲ್ಲೇ ಬಿಟ್ಟು ಎದ್ದುಬಂದೆ. ಅವರು ಹಿಂದಿನಿಂದ ಕೂಗಿದರು, "ಚಹಾನಾದ್ರೂ ಕುಡ್ಕೊಂಡು ಹೋಗೋ, ಬಿಸಿ ಇದೆ!" ನಾನು ತಿರುಗಿ ನೋಡಲಿಲ್ಲ. ಎಂಟು ದಿನ ಮಾತಾಡಲಿಲ್ಲ. ಒಂಬತ್ತನೆಯ ದಿನ ಬೆಳಗ್ಗೆ ರಕ್ತದೊತ್ತಡ ಏರಿ ಕುಸಿದರು ಎಂದು ಎಡ್ಗಾರ್ ಫೋನ್ ಮಾಡಿದರು. ನಾನು ಆಸ್ಪತ್ರೆ ತಲುಪುವ ಹೊತ್ತಿಗೆ ಮುಗಿದಿತ್ತು. ಎಡ್ಗಾರ್, ಲುಸುಂಗು, ಆ ಎಂಟು ದಿನಗಳಿಗೆ ನನ್ನನ್ನು ಕ್ಷಮಿಸಿ.

ಆ ವರದಿ ನನ್ನ ಮೇಜಿಗೆ ಬಂತು. ವಿಭಾಗದ ಮುಖ್ಯಸ್ಥರಿಲ್ಲದಾಗ ಅವರ ಜಾಗ ನೋಡಿಕೊಳ್ಳಬೇಕಾದವನು ನಾನೇ. ಖಾಲಿ ಜಾಗ ಖಾಲಿಯೇ ಇತ್ತು. ಅದರ ವಿಷಯ ಗೊತ್ತಿದ್ದ ಇನ್ನೊಬ್ಬರು ಈಗ ಮಣ್ಣಿನಲ್ಲಿದ್ದಾರೆ.

ನಿನ್ನೆ ಪಡಸಾಲೆಯಲ್ಲಿ ನಿರ್ದೇಶಕರು ನನ್ನ ಹೆಗಲ ಮೇಲೆ ಕೈಯಿಟ್ಟರು. "ಕುಮ್ವೆಂಡಾ, ಟಿವೊಂಗೆ ಕುರ್ಚಿ ಬಹಳ ದಿನ ಖಾಲಿ ಇಡೋಕಾಗಲ್ಲ. ಅದು ನಿಮ್ಮದೇ ಅಂದ್ಕೊಳ್ಳಿ. ಆದ್ರೆ ಆ ವರದಿಗೆ ಏನವಸರ? ಮಳೆಗಾಲ ಕಳೀಲಿ." ನಿರ್ದೇಶಕರೇ, ಹೀಗೆ ಎಲ್ಲರೆದುರು ಹೇಳುತ್ತಿರುವುದಕ್ಕೆ ಕ್ಷಮಿಸಿ. ಉಂಡ ಮನೆಯ ಜಂತೆ ಎಣಿಸುವುದನ್ನು ಸ್ವಲ್ಪ ತಡವಾಗಿ ಕಲಿತೆ.

ಆ ಕುರ್ಚಿಗಾಗಿ ನಾನು ಎಷ್ಟು ಆಸೆಪಟ್ಟಿದ್ದೆ ಎಂದು ನಿಮಗೆ ಗೊತ್ತಿಲ್ಲ. ನಿನ್ನೆ ಸಂಜೆ ಯಾರೂ ಇಲ್ಲದಾಗ ಹೋಗಿ ಅದರಲ್ಲಿ ಕೂತೂ ನೋಡಿದೆ. ಎತ್ತರ ನನಗೆ ಸರಿಯಾಗಿತ್ತು.

ಇವತ್ತು ಬೆಳಗ್ಗೆ ಎಂಟು ಗಂಟೆಗೆ ಚಿಸಂಗಾ ಸಾಲಿನಲ್ಲಿ ನನ್ನ ಹೆಸರು ಬರೆದೆ. ಗುಡ್‌ಸನ್ ಕುಮ್ವೆಂಡಾ, ಪೂರ್ತಿಯಾಗಿ. ವರದಿಯನ್ನು ಸರ್ಕಾರದ ಲೆಕ್ಕ ನೋಡುವ ಸಂಸತ್ತಿನ ಸಮಿತಿಗೆ ಒಯ್ದು ಕೊಟ್ಟು, ಮುಟ್ಟಿದೆ ಎಂದು ಮುದ್ರೆ ಒತ್ತಿಸಿಕೊಂಡು, ಅಲ್ಲಿಂದ ನೇರ ಇಲ್ಲಿಗೆ ಬಂದೆ. ಇನ್ನು ಮೇಲೆ ಆ ಬ್ಯಾಟರಿಗಳು ಎಲ್ಲಿ ಎಂದು ಕಂಟ್ರಾಕ್ಟರನ್ನು ಕೇಳುತ್ತಾರೆ, ನಿಧಿಯನ್ನು ಕೇಳುತ್ತಾರೆ, ನನ್ನನ್ನೂ ಕೇಳುತ್ತಾರೆ. ಕೇಳಲಿ. ಉಪ್ಪು ತಿಂದವನು ನೀರು ಕುಡಿಯಲೇಬೇಕು. ಕುರ್ಚಿಯಂತೂ ಹೋಯಿತು, ಕೆಲಸ ಉಳಿದರೆ ಪುಣ್ಯ.

ಇಷ್ಟಾದರೂ ಹೊಟ್ಟೆ ಉರಿ ಆರಿಲ್ಲ ನೋಡಿ. ಹತ್ತೊಂಬತ್ತು ವರ್ಷದಲ್ಲಿ ನಾನು ಮಾಡಿದ ನೆಟ್ಟಗಿನ ಕೆಲಸ ಇದೊಂದು. ಅದಕ್ಕೂ ಜಾಗ ಬಿಟ್ಟುಕೊಟ್ಟವರು ಟಿವೊಂಗೆಯೇ!

ಇನ್ನು ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಪಾದ್ರಿಗಳೇ, ಎಡ್ಗಾರ್, ಲುಸುಂಗು. ಚಿಸಂಗಾದ ತಾಯಂದಿರೇ, ನೀವು ದಣಿದು ಬಂದವರು, ಕೂತೇ ಇದ್ದರೂ ಸರಿ. — ನಿರ್ದೇಶಕರೇ, ತಾವೂ ಏಳಬೇಕು.

ಟಿವೊಂಗೆ ಹರಾವಾ ಅವರಿಗಾಗಿ ಎರಡು ನಿಮಿಷ ಮೌನ. ಎರಡೇ ನಿಮಿಷ. ನಾನು ಮೂರು ವರ್ಷ ಸುಮ್ಮನಿದ್ದೆ, ಎರಡು ಮಕ್ಕಳು ಹೋದವು. ಗಡಿಯಾರ ನೋಡುತ್ತಿರುತ್ತೇನೆ. ಎರಡು ನಿಮಿಷ ಆದ ಕೂಡಲೇ ಯಾರಾದರೂ ಮಾತಾಡಿ.