ಎತ್ತಿದ ಕೈ

ಪೆದ್ದಹರಿವಾಣಂ ಬಸ್ ಸ್ಟಾಪಿನಲ್ಲಿ ಟೀಚರ್ ಶೋಭಾರಾಣಿಯ ಪುಸ್ತಕ ತೆರೆದಿದ್ದದ್ದು ನೆಪಕ್ಕೆ. ಕಿವಿ ಇದ್ದದ್ದು ಪಕ್ಕದಲ್ಲಿ ಕೂತಿದ್ದ ಕುರಿಗಾರ ಪಕೀರಪ್ಪ ಮತ್ತು ಅವನ ಅಕ್ಕ ಭೀಮಕ್ಕನ ಕಡೆ.

"ನಾಯಿಮರಿ ಎಲ್ಲೋ? ಭಾಳ ಜಿಗಿತಿತ್ತು," ಅಂದಳು ಭೀಮಕ್ಕ.

"ನಾನ ಕಲಿಸಿದ್ದೆ, ಅಕ್ಕಾ. ಕೈ ಎತ್ತಿದ್ರ ಸಾಕು, ಬೇಲಿ ಹಾರಿ ಬರ್ತಿತ್ತು."

"ನಿಮ್ಮನ್ಯಾಗ ನಿನ್ನ ಮಾತು ಕೇಳಾದು ಅದೊಂದ ಬಿಡು."

"ನಿಲ್ಲಾದು ಆಮ್ಯಾಲ ಕಲಿಸೋಣ ಅಂದ್ಕೊಂಡಿದ್ದೆ."

"ಏನಾತೋ?"

"ಸೋಮವಾರ ಇಲ್ಲೇ ನಿಂತು ಬಸ್ಸಿಗೆ ಕೈ ಎತ್ತಿದೆ. ಅದು ರೋಡಿನ ಆ ಕಡಿ ಹೊಲದಾಗಿತ್ತು. ತನ್ನ ಕರದಾನ ಅಂತ ತಿಳಕೊಂಡು ಓಡಿ ಬಂತು. ಸೀದಾ ಗಾಲಿಗೇ."

ಭೀಮಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು.

ದೂರದಲ್ಲಿ ಆದೋನಿ ಬಸ್ಸು ಕಂಡಿತು. ಪಕೀರಪ್ಪ ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡ.

"ನೀನ ಎತ್ತು, ಅಕ್ಕಾ."

ಭೀಮಕ್ಕ ಒಮ್ಮೆ ಆಚೆಯ ಹೊಲದತ್ತ ನೋಡಿ, ಆಮೇಲೆ ಕೈ ಎತ್ತಿದಳು.